ಉಪ್ಪು ಕಡಿಮೆಯಾದ ಮನೆಗೆ ಒಂದು ಲಿಂಬೆಹಣ್ಣು

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತಿನ ಬರಹರೂಪ)



'ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ' ಎನ್ನುವ ಗಾದೆ ನಮಗೆಲ್ಲ ಬಾಯಿಪಾಠ. ಆದರೆ ಆ ತಾಯಿಗೇ ಡಾಕ್ಟರು 'ಉಪ್ಪು ಕಡಿಮೆ ಮಾಡಿ' ಎಂದು ಹೇಳಿಬಿಟ್ಟರೆ? ಗಾದೆ ಅಲ್ಲಿಗೆ ಕೈಬಿಡುತ್ತದೆ. ಅಡುಗೆ ಮಾಡುವವರು ಕೈಬಿಡುವಂತಿಲ್ಲವಲ್ಲ! ಇವತ್ತು ನಾನು ಮಾತಾಡಬೇಕೆಂದಿರುವುದು ಲಿಂಬೆಹಣ್ಣಿನ ಬಗ್ಗೆ. ಮೈಸೂರು ಕಡೆಯವರಿಗೆ ಇದು ನಿಂಬೆ, ವಿಜಯಪುರದವರಿಗೆ ಲಿಂಬಿ, ಇಲ್ಲಿ ಪುಣೆಯ ಮಂಡಿಗೆ ಬಂದರೆ ಲಿಂಬು. ಹೆಸರು ಯಾವುದಾದರೂ ಹಿಂಡುವುದು ಅದನ್ನೇ.

ನಮ್ಮ ನಿಗಡಿಯ ಯಮುನಾನಗರದಲ್ಲಿ ನನಗೆ ಗೊತ್ತಿರುವ ಒಂದು ಮನೆಯಿದೆ. ಇಂಡಿ ತಾಲ್ಲೂಕಿನವರು. ಮನೆಯಾತನಿಗೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಊರಲ್ಲಿ ಒಬ್ಬರೇ ಇದ್ದ ತಾಯಿಯನ್ನು ಇಲ್ಲಿಗೆ ಕರೆತಂದರು. ಬಂದ ತಿಂಗಳಲ್ಲೇ ಬಿ.ಪಿ. ಜಾಸ್ತಿ ಇದೆ ಎಂದು ಗೊತ್ತಾಯಿತು. ಮಾತ್ರೆ ಶುರುವಾಯಿತು, ಉಪ್ಪಿಗೆ ಕಡಿವಾಣ ಬಿತ್ತು. ಸೊಸೆ ಪಾಪ, ಒಳ್ಳೆಯದಕ್ಕೇ, ಅತ್ತೆಗೆಂದು ಒಂದು ಸಣ್ಣ ಪಾತ್ರೆಯಲ್ಲಿ ಬೇರೆ ಬೇಳೆ, ಬೇರೆ ಪಲ್ಯ ಮಾಡತೊಡಗಿದಳು. ಅಜ್ಜಿ ದಿನದಿನಕ್ಕೂ ಕಡಿಮೆ ಉಣ್ಣತೊಡಗಿದರು. ಒಂದು ದಿನ ನಾನು ಹೋದಾಗ ಮೆಲ್ಲಗೆ ಅಂದರು: "ಉಪ್ಪಿಂದೇನ್ ದೊಡ್ಡ ಮಾತಲ್ಲ ನೋಡವ್ವಾ. ನನ್ನ ಗಂಗಾಳ ಬ್ಯಾರೆ ಆತಲ್ಲ, ಅದು."

ಈ ಮಾತು ಬಹಳ ಮನೆಗಳದ್ದು. ಒಂದು ಒಲೆಯ ಮೇಲೆ ಎರಡು ಪಾತ್ರೆ ಏರಿದರೆ, ಚಿಕ್ಕ ಪಾತ್ರೆಯವರು ತಮ್ಮನ್ನು ಮನೆಯ ರೋಗಿ ಎಂದುಕೊಳ್ಳುತ್ತಾರೆ. ಹಾಗಾಗಿ ನಾನು ಹೇಳುವುದು ಇಷ್ಟೇ: ಎಲ್ಲರ ಪಾತ್ರೆಯಲ್ಲೇ ಉಪ್ಪು ಇಳಿಸಿ, ರುಚಿಯ ಜಾಗಕ್ಕೆ ತಾಜಾ ಲಿಂಬೆಯನ್ನು ತನ್ನಿ. ಇದು ಅಜ್ಜಿಗಾಗಿ ಉಳಿದವರು ಮಾಡುವ ತ್ಯಾಗವೇನೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ. ಅಂದರೆ ಒಂದು ಟೀ ಚಮಚದೊಳಗೆ. ಅದರಲ್ಲಿ ಸಾರು, ರೊಟ್ಟಿ, ಚಿವಡಾ, ಬಿಸ್ಕತ್ತು ಎಲ್ಲವೂ ಬಂದವು. ಆ ಲೆಕ್ಕ ಹಿಡಿದರೆ ಮಗ, ಸೊಸೆ, ಶಾಲೆಗೆ ಹೋಗುವ ಮೊಮ್ಮಗ ಎಲ್ಲರೂ ಒಂದೇ ಪಂಕ್ತಿಯವರು.

ಹುಳಿಗೆ ಒಂದು ಗುಣವಿದೆ. ಅದು ನಾಲಿಗೆಯನ್ನು ಎಚ್ಚರಿಸಿ, ಇರುವಷ್ಟೇ ಉಪ್ಪನ್ನು ಎದ್ದು ಕಾಣುವ ಹಾಗೆ ಮಾಡುತ್ತದೆ. ಹುಣಸೆಯೂ ಈ ಕೆಲಸ ಮಾಡುತ್ತದೆ. ಆದರೆ ಹುಣಸೆಹುಳಿಗೆ ಬೆಲ್ಲ ಬೇಕು, ಬೆಲ್ಲಕ್ಕೆ ಸರಿತೂಗಿಸಲು ಮತ್ತೆ ಉಪ್ಪು ಬೇಕು. ಲಿಂಬೆಗೆ ಆ ಪರಿವಾರವಿಲ್ಲ, ಒಂಟಿಯಾಗಿ ಬರುತ್ತದೆ. ಜೊತೆಗೆ ತಟ್ಟೆಯಲ್ಲೇ ಹಿಂಡಿಕೊಳ್ಳಬಹುದಾದ್ದರಿಂದ ಯಾರಿಗೆ ಎಷ್ಟು ಬೇಕೋ ಅಷ್ಟು.

ಒಂದು ಹೆಸರುಬೇಳೆ ಸಾರು ಹೇಳುತ್ತೇನೆ, ನಾಲ್ಕು ಜನಕ್ಕೆ. ಅರ್ಧ ಬಟ್ಟಲು ಹೆಸರುಬೇಳೆಯನ್ನು ಅರಿಶಿನ ಹಾಕಿ ಮೆತ್ತಗೆ ಬೇಯಿಸಿ, ತೆಳ್ಳಗೆ ಮಾಡಿಕೊಳ್ಳಿ. ಜಜ್ಜಿದ ಶುಂಠಿ, ಸೀಳಿದ ಎರಡು ಹಸಿಮೆಣಸಿನಕಾಯಿ ಹಾಕಿ ಕುದಿಸಿ. ಉಪ್ಪು ನೀವು ದಿನಾ ಹಾಕುವುದರ ಅರ್ಧ. ತುಪ್ಪದಲ್ಲಿ ಜೀರಿಗೆ, ಕುಟ್ಟಿದ ಮೆಣಸು, ಇಂಗು, ಕರಿಬೇವಿನ ಒಗ್ಗರಣೆ ಕೊಡಿ. ಈಗ ಗ್ಯಾಸ್ ಆರಿಸಿ, ಎರಡು ನಿಮಿಷ ಸುಮ್ಮನೆ ಬಿಡಿ. ಕುದಿ ಪೂರ್ತಿ ನಿಂತ ಮೇಲೆ ಒಂದೂವರೆ ಹಣ್ಣಿನ ರಸ ಹಿಂಡಿ, ಕೊತ್ತಂಬರಿ ಉದುರಿಸಿ, ಮುಚ್ಚಿಡಿ. ಅರ್ಧ ಉಪ್ಪು ಮೊದಲ ದಿನವೇ ಸಪ್ಪೆ ಎನಿಸಿದರೆ ವಾರಕ್ಕಿಷ್ಟು ಎಂದು ಇಳಿಸುತ್ತ ಬನ್ನಿ. ನಾಲಿಗೆ ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತದೆ. ಚಿತ್ರಾನ್ನ, ಚುರಮುರಿ ಸುಸಲಾ, ನಮ್ಮ ಅಕ್ಕಪಕ್ಕದವರು ಮಾಡುವ ಪೋಹೆ ಎಲ್ಲಕ್ಕೂ ಇದೇ ನಿಯಮ. ಲಿಂಬೆ ಕೊನೆಗೆ, ಒಲೆ ಆರಿದ ಮೇಲೆ.

ಕುದಿಯುವಾಗ ಹಿಂಡಿದರೆ ಏನಾಗುತ್ತದೆ? ಪರಿಮಳ ಹಬೆಯ ಜೊತೆ ಹೋಗುತ್ತದೆ, ಸಾರು ಸ್ವಲ್ಪ ಕಹಿಯಾಗುತ್ತದೆ, ಸಿ ಜೀವಸತ್ವವೂ ನಷ್ಟ. ಈ ಪಾಠವನ್ನು ಬ್ರಿಟಿಷ್ ನೌಕಾಪಡೆ ಬಹಳ ಬೆಲೆ ತೆತ್ತು ಕಲಿತಿತ್ತು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಒಸಡು ಕೊಳೆತು ರಕ್ತ ಸೋರುವ ಸ್ಕರ್ವಿ ರೋಗದ 12 ಜನ ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಪದಾರ್ಥ ಕೊಟ್ಟು ನೋಡಿದ. ಕಿತ್ತಳೆ, ಲಿಂಬೆ ತಿಂದ ಜೋಡಿ ಎಲ್ಲರಿಗಿಂತ ಬೇಗ ಎದ್ದು ಕೂತಿತು. 1795ರಿಂದ ನೌಕಾಪಡೆಯಲ್ಲಿ ಲಿಂಬೆರಸ ಹಂಚಿದರು, ರೋಗ ಹೆಚ್ಚುಕಡಿಮೆ ಮಾಯವಾಯಿತು. ಆಮೇಲೆ 1860ರ ದಶಕದಲ್ಲಿ ದೊಡ್ಡ ಹಳದಿ ಲಿಂಬೆಯ ಬದಲು ವೆಸ್ಟ್ ಇಂಡೀಸಿನ ಸಣ್ಣ ಹಸಿರು ಲಿಂಬೆಯ ರಸ ತಂದರು. ಅದರಲ್ಲಿ ಸಿ ಜೀವಸತ್ವ ಮೊದಲೇ ಕಡಿಮೆ. ಸಾಲದ್ದಕ್ಕೆ ರಸ ತಾಮ್ರದ ಕೊಳವೆಗಳಲ್ಲಿ ಹರಿದು, ಗಾಳಿ ಬೆಳಕಿಗೆ ಒಡ್ಡಿಕೊಂಡು ಬರುತ್ತಿತ್ತು. 1875ರ ಉತ್ತರ ಧ್ರುವ ಯಾತ್ರೆಯಲ್ಲಿ ಆ ರಸ ಕುಡಿದವರನ್ನೂ ಸ್ಕರ್ವಿ ಹಿಡಿಯಿತು! ನಮ್ಮ ಅಜ್ಜಿಯಂದಿರು ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಡಬೇಡ, ಕಿಲುಬುತ್ತದೆ ಎಂದು ಗದರುತ್ತಿದ್ದರಲ್ಲ, ಅವರು ಯಾವ ಹಡಗನ್ನೂ ನೋಡಿರಲಿಲ್ಲ.

ಇಂಗ್ಲಿಷ್ ಅಡುಗೆ ಪುಸ್ತಕದ ದೊಡ್ಡ, ದಪ್ಪ ಸಿಪ್ಪೆಯ ಹಣ್ಣೇ ಬೇರೆ. ನಮ್ಮದು ಕಾಗ್ಜಿ ಲಿಂಬೆ, ಕಾಗದದಂಥ ತೆಳು ಸಿಪ್ಪೆಯದು. ಪುಸ್ತಕ ಒಂದು ಎಂದರೆ ನಾವು ಎರಡು ತೆಗೆದುಕೊಳ್ಳಬೇಕು. ನಿಗಡಿಯವರು ಸೋಲಾಪುರದ ಮೇಲೆ ವಿಜಯಪುರದ ರೈಲು ಹಿಡಿದರೆ 'ಇಂಡಿ ರೋಡ್' ಎಂಬ ಸ್ಟೇಷನ್ ಸಿಗುತ್ತದೆ. ಕರ್ನಾಟಕದ ಲಿಂಬೆಯ ತವರು ಅದು. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. ಇಂಡಿ ಲಿಂಬೆಗೆ ಈಚೆಗೆ ಭೌಗೋಳಿಕ ಸೂಚಿಯ ಮಾನ್ಯತೆ, ಅಂದರೆ ಜಿಐ ಗುರುತು, ಕೂಡ ದೊರೆತಿದೆ. ಊರಿಂದ ಬರುವವರ ಚೀಲದಲ್ಲಿ ಇದಕ್ಕೊಂದಿಷ್ಟು ಜಾಗ ಮಾಡಿಸಿ. ಇಲ್ಲವಾದರೆ ಶ್ರೀಗೊಂದೆ ಕಡೆಯ ಹಣ್ಣು ಪುಣೆಗೆ ಬರುತ್ತದೆ, ಅದಕ್ಕೇನೂ ಕಡಿಮೆಯಿಲ್ಲ.

ಬೇಸಿಗೆಯಲ್ಲಿ ಮಾತ್ರ ಲಿಂಬೆ ಕೈಗೆಟುಕುವುದಿಲ್ಲ. ಮಾರ್ಚ್ ಏಪ್ರಿಲ್‌ನ ಹಣ್ಣು ಹಸ್ತ ಮಳೆಯ ಹೊತ್ತಿನ ಹೂವಿನದು, ರೈತರು ಇದನ್ನು ಹಸ್ತ ಬಹಾರ್ ಎನ್ನುತ್ತಾರೆ. ಆ ಹೊತ್ತಿಗೆ ಮಳೆ ಅತಿಯಾದರೆ ಹೂ ನಿಲ್ಲುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಎಷ್ಟೋ ಊರುಗಳಲ್ಲಿ ಒಂದು ಹಣ್ಣಿಗೆ 10 ರೂಪಾಯಿ ಕೊಟ್ಟದ್ದು ನೆನಪಿರಬೇಕು. ಮಳೆಗಾಲದಲ್ಲಿ ಅಗ್ಗವಾಗಿರುವಾಗ ರಸ ಹಿಂಡಿ, ಬೀಜ ಸೋಸಿ, ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ ಡಬ್ಬಿಯಲ್ಲಿಡಿ. ತಾಜಾ ಹಣ್ಣಿನ ಪರಿಮಳ ಬರುವುದಿಲ್ಲ, ಹುಳಿಗೆ ಮೋಸವಿಲ್ಲ.

ಇನ್ನು ಉಪ್ಪಿನಕಾಯಿ. ಹೆಸರಲ್ಲೇ ಉಪ್ಪು ಇದೆ. ಸಾರಿನಲ್ಲಿ ಉಳಿಸಿದ ಉಪ್ಪನ್ನು ಎರಡು ಹೋಳು ಲಿಂಬೆ ಉಪ್ಪಿನಕಾಯಿ ವಾಪಸು ತಂದುಬಿಡುತ್ತದೆ. ಹಾಗೆಂದು ಭರಣಿಯನ್ನು ಅಟ್ಟದ ಮೇಲೆ ಬಚ್ಚಿಡುವುದು ಹಿರಿಯರಿಗೆ ಮಾಡುವ ಅವಮಾನ ಎಂದೇ ನನ್ನ ಅಭಿಪ್ರಾಯ. ಬದಲಿಗೆ ಎರಡು ಲಿಂಬೆಯನ್ನು ಸಣ್ಣಗೆ ಹೆಚ್ಚಿ, ಶುಂಠಿಯ ಎಳೆಗಳು, ಹಸಿಮೆಣಸಿನಕಾಯಿ, ಒಂದು ಚಿಟಿಕೆ ಉಪ್ಪು, ಮೇಲೆ ಇನ್ನೊಂದು ಹಣ್ಣಿನ ರಸ ಹಾಕಿ ಕಲಸಿ. ಇದು ಫ್ರಿಜ್ಜಿನಲ್ಲಿ ಮೂರು ದಿನದ ಬಾಳಿಕೆಯದು. ಹಳೆಯ ಉಪ್ಪಿನಕಾಯಿಯ ರುಚಿ ಇದಕ್ಕಿಲ್ಲ, ಸುಳ್ಳು ಯಾಕೆ ಹೇಳಲಿ? ಆದರೆ ತಟ್ಟೆಯ ಮೂಲೆ ಖಾಲಿ ಇರುವುದಿಲ್ಲ.

ಕೇಕಿಗೆ ಬರೋಣ. ಮೊಮ್ಮಗನ ಹುಟ್ಟುಹಬ್ಬಕ್ಕೆ ಬೇಕರಿಯಿಂದ ಮೊಟ್ಟೆಯ ಕೇಕು ಬಂದರೆ, ಮೊಟ್ಟೆ ಮುಟ್ಟದ ಅಜ್ಜಿಗೆ ಮತ್ತೆ ಬೇರೆ ತಟ್ಟೆ, ಒಂದು ಪೇಡೆ. ಇಲ್ಲೂ ಲಿಂಬೆ ನೆರವಿಗೆ ಬರುತ್ತದೆ. ಲಿಂಬೆಯ ಹುಳಿಯೂ ಅಡುಗೆ ಸೋಡಾವೂ ಸೇರಿದಾಗ ಗಾಳಿಗುಳ್ಳೆ ಏಳುತ್ತದೆ, ಮೊಟ್ಟೆಯಿಲ್ಲದೆಯೂ ಕೇಕು ಉಬ್ಬುತ್ತದೆ. ಅರ್ಧ ಟೀ ಚಮಚ ಸೋಡಾಕ್ಕೆ ಎರಡು ದೊಡ್ಡ ಚಮಚ ರಸ ಸರಿಹೋಗುತ್ತದೆ. ಆದರೆ ಈ ಕೆಲಸದಲ್ಲಿ ಹುಳಿ ಖರ್ಚಾಗಿಬಿಡುತ್ತದೆ. 'ಲಿಂಬೆ ಹಾಕಿದೆ, ಕೇಕಿನಲ್ಲಿ ಗೊತ್ತೇ ಆಗಲಿಲ್ಲ' ಎಂದು ಬಹಳ ಜನ ಹೇಳುವುದು ಇದಕ್ಕೇ. ಪರಿಮಳ ಇರುವುದು ರಸದಲ್ಲಲ್ಲ, ಸಿಪ್ಪೆಯ ಎಣ್ಣೆಯಲ್ಲಿ. ಮೂರು ಹಣ್ಣು ತೊಳೆದು ಒರೆಸಿ, ಸಣ್ಣ ಕಣ್ಣಿನ ತುರಿಮಣೆಯಲ್ಲಿ ಹೊರಗಿನ ಬಣ್ಣದ ಪದರವನ್ನಷ್ಟೇ ತುರಿಯಿರಿ. ಒಳಗಿನ ಬಿಳಿ ಬಂದರೆ ಕಹಿ. ಆ ತುರಿಯನ್ನು ಮುಕ್ಕಾಲು ಬಟ್ಟಲು ಸಕ್ಕರೆ ಪುಡಿಯ ಜೊತೆ ಬೆರಳಲ್ಲಿ ತಿಕ್ಕಿ, ಮನೆಯೆಲ್ಲ ಘಮ ಬರುತ್ತದೆ.

ಒಂದು ಬಟ್ಟಲು ಹಾಲು, ಮೂರನೇ ಒಂದು ಬಟ್ಟಲು ಎಣ್ಣೆ, ಈ ಸಕ್ಕರೆ ಕಲಸಿ. ಒಂದೂವರೆ ಬಟ್ಟಲು ಮೈದಾ, ಒಂದು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಸೋಡಾ ಜರಡಿ ಹಿಡಿದು ಸೇರಿಸಿ. ರಸ ಕಡೆಗೆ. ಹಾಕಿದ ಮೇಲೆ ಫೋನು ಬಂದರೂ ಎತ್ತಬೇಡಿ, ಗುಳ್ಳೆ ಹೋಗುವ ಮೊದಲು ಒಳಗಿಡಬೇಕು. ಓವನ್ ಇದ್ದರೆ ಮೊದಲೇ ಕಾಯಿಸಿ 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಇಲ್ಲದವರು ಕುಕ್ಕರಿನ ರಬ್ಬರು, ಸೀಟಿ ಎರಡನ್ನೂ ತೆಗೆದು, ತಳಕ್ಕೆ ಎರಡು ಬಟ್ಟಲು ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಕಾಯಿಸಿ. ನಂತರ ಡಬ್ಬಿ ಇಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಅಡುಗೆಯಲ್ಲಿ ಉಳಿಸಿದ ಉಪ್ಪಿಗೆ ಇದೊಂದು ಕೆಲಸವಾಯಿತು!

ಒಂದು ಎಚ್ಚರಿಕೆ. ಲಿಂಬೆ ಔಷಧಿಯಲ್ಲ, ಬಿ.ಪಿ. ಮಾತ್ರೆ ನಿಲ್ಲಿಸಬೇಡಿ. ಎದೆಯುರಿ ಇರುವವರು ಹುಳಿಯನ್ನು ಅಳತೆಯಲ್ಲಿಡಿ. ಅಂಗಡಿಯಲ್ಲಿ 'ಕಡಿಮೆ ಸೋಡಿಯಂ ಉಪ್ಪು' ಎಂದು ಮಾರುವುದರಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು, ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಅದನ್ನು ಕೊಳ್ಳಬಾರದು.

ನಿಮ್ಮ ಮನೆಯಲ್ಲಿ ಹೇರಳೆಕಾಯಿಯಿಂದ ಕಡಿಮೆ ಉಪ್ಪಿನಲ್ಲಿ ಏನಾದರೂ ಮಾಡುತ್ತಿದ್ದರೆ ನಮಗೆ ಬರೆದು ತಿಳಿಸಿ, ಮುಂದಿನ ಕಾರ್ಯಕ್ರಮವೊಂದರಲ್ಲಿ ಓದುತ್ತೇನೆ.