ಸಹಿ ಹಾಕಿದವರು ಯಾರು?

(ಭೀಮನಬೀಡಿನ ಸಭೆಯಲ್ಲಿ ಮಾಡಿದ ಭಾಷಣದ ಸಾರಾಂಶ)



2016ರ ಜೂನ್ 23ರಂದು ಬ್ರಿಟನ್ನಿನ ಜನ ಯುರೋಪಿನ ಒಕ್ಕೂಟವನ್ನು ಬಿಡಬೇಕೆಂದು ಮತ ಕೊಟ್ಟರು. 2020ರ ಜನವರಿಯಲ್ಲಿ ಬಿಟ್ಟೇಬಿಟ್ಟರು. ಪಕ್ಕದ ಪುಟ್ಟ ದೇಶ ಐರ್ಲೆಂಡಿಗೆ ಚಿಂತೆ ಹತ್ತಿತು. ದೊಡ್ಡ ನೆರೆಯವನು ಹೊರಟ ಮೇಲೆ ನಾವು ಉಳಿಯುವುದೇ, ಹಿಂದೆಯೇ ಹೋಗುವುದೇ? 1973ರಲ್ಲಿ ಎರಡೂ ಒಂದೇ ದಿನ ಒಳಗೆ ಬಂದಿದ್ದವು. ಆಗ ಐರ್ಲೆಂಡು ಹೊರಗೆ ಮಾರುತ್ತಿದ್ದ ಸರಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಬ್ರಿಟನ್ನಿಗೇ ಹೋಗುತ್ತಿತ್ತು. ಆದರೂ ಅದು ಒಕ್ಕೂಟದಲ್ಲೇ ಉಳಿಯಿತು.

ಇದು ನಮಗೆ ಸಂಬಂಧವಿಲ್ಲದ ಕಥೆಯೆಂದು ತಿಳಿಯಬೇಡಿ. 1947ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಮುಂದೆಯೂ ಇಂಥದೇ ಪ್ರಶ್ನೆ ನಿಂತಿತ್ತು. ಬ್ರಿಟಿಷರು ಹೊರಡುವವರಿದ್ದರು. ಬಳ್ಳಾರಿಯಾಚೆಯ ಹೈದರಾಬಾದು ವಿಸ್ತೀರ್ಣದಲ್ಲಿ ಮೈಸೂರಿನ ಎರಡೂವರೆಪಟ್ಟಿಗಿಂತ ದೊಡ್ಡದು; ಅದರ ನಿಜಾಮರು ತಾವು ಭಾರತಕ್ಕೆ ಸೇರುವುದಿಲ್ಲವೆಂದು ಜೂನ್ ತಿಂಗಳಲ್ಲೇ ಸಾರಿದರು. ತಿರುವಾಂಕೂರಿನ ದಿವಾನರೂ ಸ್ವತಂತ್ರ ರಾಜ್ಯದ ಮಾತಾಡಿದರು. ಅವರೆಲ್ಲ ಹೊರಗಿದ್ದರೆ ಮೈಸೂರೂ ಹೊರಗಿರಬಹುದಿತ್ತೇ?

ನಮ್ಮ ಊರಿನಿಂದಲೇ ನೋಡಿ. ಗುಂಡ್ಲುಪೇಟೆ ದಾಟಿದರೆ ನೀಲಗಿರಿ, ವಯನಾಡು. ಎರಡೂ ಅಂದು ಮದರಾಸು ಪ್ರಾಂತ್ಯ. ಕೊಳ್ಳೇಗಾಲವೂ ಮದರಾಸಿನದೇ. ಸಂಸ್ಥಾನಕ್ಕೆ ಸಮುದ್ರವಿಲ್ಲ, ಗಣಿಯ ಕಲ್ಲಿದ್ದಲಿಲ್ಲ. ಗಡಿಯಲ್ಲಿ ಸುಂಕದ ಕಟ್ಟೆ ಬಿದ್ದಿದ್ದರೆ ಗಿರಣಿಯ ಬಾಯ್ಲರೂ ಆರುತ್ತಿತ್ತು, ಅಂಗಡಿಯ ಉಪ್ಪಿನ ಮೂಟೆಯೂ ಬರಿದಾಗುತ್ತಿತ್ತು. ಆದ್ದರಿಂದ ಸೇರಿದ್ದು ಸರಿಯೇ.

ಆದರೆ ಸೇರಿದವರು ಯಾರು? ಆಗಸ್ಟ್ 9ರಂದು ಮಹಾರಾಜರು ರಕ್ಷಣೆ, ವಿದೇಶಾಂಗ, ಸಂಪರ್ಕ ಎಂಬ ಮೂರು ವಿಷಯಗಳ ಮೇಲೆ ಸಹಿ ಹಾಕಿದರು. ಪ್ರಜೆಗಳನ್ನು ಯಾರೂ ಕೇಳಲಿಲ್ಲ. ಐರ್ಲೆಂಡಿನಲ್ಲಿ ಹಾಗಾಗಲಿಲ್ಲ, 1972ರ ಮೇ ತಿಂಗಳಲ್ಲಿ ಜನಮತ ಕೇಳಿದರು. ಅಲ್ಲಿನ ಲೇಬರ್ ಪಕ್ಷ ಬೇಡವೆಂದು ಪ್ರಚಾರ ಮಾಡಿತು. ಆದರೆ ನೂರಕ್ಕೆ 83 ಮಂದಿ ಬೇಕೆಂದರು. ನಮ್ಮವರು ಸೋತರು ನಿಜ. ಆದರೆ ಕೂಲಿಗಾರನ ಮತವನ್ನೂ ಎಣಿಸಿದ ಮೇಲೆ ಸೋತರು.

ನಮ್ಮಲ್ಲಿ ಆಗಸ್ಟ್ 15 ಬಂತು, ದೆಹಲಿಯಲ್ಲಿ ಬಾವುಟ ಹಾರಿತು, ಮೈಸೂರಿನಲ್ಲಿ ದಿವಾನರ ಆಡಳಿತವೇ ಮುಂದುವರಿಯಿತು. ಜವಾಬ್ದಾರಿ ಸರ್ಕಾರಕ್ಕಾಗಿ ಸೆಪ್ಟೆಂಬರ್ 1ರಿಂದ "ಮೈಸೂರು ಚಲೋ" ಚಳವಳಿ ನಡೆಯಿತು. ವಿದ್ಯಾರ್ಥಿಗಳೂ ಕೂಲಿಗಾರರೂ ರೈತರೂ ಬೀದಿಗಿಳಿದರು. ಮೈಸೂರಿಗೆ ಹೋದವರೆಲ್ಲ ರಾಮಸ್ವಾಮಿ ವೃತ್ತವನ್ನು ಕಂಡಿದ್ದೀರಿ. ಅದು ಆ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಯ ಹೆಸರು. ಅಕ್ಟೋಬರಿನಲ್ಲಿ ಅರಮನೆ ಮಣಿಯಿತು, ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಅರಸರ ಸಹಿಯಿಂದ ಸಂಸ್ಥಾನ ಸೇರಿತು. ಜನರ ಹೋರಾಟದಿಂದ ಜನ ಸೇರಿದರು.

ಈ ಮಾತು ಹಳೆಯದಾಗಿಲ್ಲ. 2017ರ ಜುಲೈ ತಿಂಗಳಲ್ಲಿ ರಾಜ್ಯಗಳೆಲ್ಲ ಜಿ.ಎಸ್.ಟಿ. ಎಂಬ ಒಂದೇ ತೆರಿಗೆಯೊಳಗೆ ಬಂದವು. ಗಡಿಯ ತೆರಿಗೆ ಚೆಕ್‌ಪೋಸ್ಟು ಹೋಯಿತು, ಒಳ್ಳೆಯದೇ. ಆದರೆ ದರ ಗೊತ್ತುಮಾಡುವ ಮಂಡಳಿಯಲ್ಲಿ ಕೂರುವವರು ಮಂತ್ರಿಗಳು. ಅಲ್ಲಿ ಚಿಲ್ಲರೆ ಅಂಗಡಿಯವನ ಲೆಕ್ಕದ ಪಾಡನ್ನು ಹೇಳುವವರು ಯಾರು? ಗಿರಣಿ ಕೆಲಸಗಾರ ಕೊಳ್ಳುವ ಸೋಪಿನ ತೆರಿಗೆಯನ್ನು ಪ್ರಶ್ನಿಸುವವರು ಯಾರು?

ಒಕ್ಕೂಟಗಳಿಗೆ ನಾವು ವಿರೋಧಿಗಳಲ್ಲ. ಚಿಕ್ಕವರಿಗೆ ಒಗ್ಗಟ್ಟೇ ಬಲ. ಆದರೆ ಯಾವ ಕಾಗದ ಮುಂದಿಟ್ಟರೂ ಮೊದಲು ಕೇಳಿ: ಇದರ ಹೊರೆ ಹೊರುವವರನ್ನು ಕೇಳಿದಿರಾ? ಕೇಳದಿದ್ದರೆ, 1947ರ ಸೆಪ್ಟೆಂಬರಿನಲ್ಲಿ ನಮ್ಮ ಹಿರಿಯರು ಹಿಡಿದ ದಾರಿ ನಮಗೆ ಗೊತ್ತಿದೆ.