ಬಳಪದ ಕಲ್ಲು

ಬರೆಯಬೇಕೆಂಬ ಬಯಕೆ ನಮ್ಮಲ್ಲಿ ಅನೇಕರಿಗೆ ಉಂಟು, ಬರೆದವರು ಕೆಲವರು. ಉಳಿದವರನ್ನು ಕೇಳಿದರೆ ‘ವಿರಾಮವಿಲ್ಲ’ ಎನ್ನುವರು. ನಾವೂ ಬಹುಕಾಲ ಹಾಗೆಯೇ ಹೇಳಿಕೊಂಡು ಬಂದವರು.

ನಮ್ಮ ಅಜ್ಜಿಯವರು ರಾಗಿ ಬೀಸುತ್ತ ಕಥೆ ಹೇಳುತ್ತಿದ್ದರು. ಅವನ್ನು ಬರೆದಿಡಬೇಕೆಂದು ದಪ್ಪನೆಯ ಪುಸ್ತಕವೊಂದನ್ನು ಕೊಂಡು, ಮೊದಲ ಪುಟದಲ್ಲಿ ನಮ್ಮ ಹೆಸರನ್ನು ಅಂದವಾಗಿ ಬರೆದೆವು. ಬೇಸಗೆಯ ರಜೆ ಬರಲಿ ಎಂದೆವು. ಬಳಿಕ ದಸರೆ ಬರಲಿ ಎಂದೆವು. ಅಷ್ಟರಲ್ಲಿ ಅಜ್ಜಿಯವರು ತೀರಿಕೊಂಡರು. ಅನಂತರ ಬರೆಯಲು ಕುಳಿತರೆ ಕಥೆಯ ಎಲುಬು ನೆನಪಿತ್ತು. ಅವರ ಮಾತು ನೆನಪಿರಲಿಲ್ಲ.

ಆ ವರ್ಷವೇ ಅರಸೀಕೆರೆಯಲ್ಲಿ ರೈಲಿನಿಂದಿಳಿದು, 1220ರ ಈಶ್ವರ ದೇವಾಲಯವನ್ನೂ ಅದರ ನಕ್ಷತ್ರಾಕಾರದ ಮಂಟಪವನ್ನೂ ನೋಡಿಕೊಂಡು, ಹಳೇಬೀಡು ಬೇಲೂರುಗಳಿಗೆ ಹೋದೆವು. ಹೊಯ್ಸಳರ ಈ ಗುಡಿಗಳೆಲ್ಲ ಬಳಪದ ಕಲ್ಲಿನವು. ಗಣಿಯಿಂದ ತೆಗೆದಾಗ ಅದು ಮೃದು. ಗಾಳಿಗೆ ಒಡ್ಡಿದಷ್ಟೂ ಗಟ್ಟಿಯಾಗುವುದು. ಈ ಸಂಗತಿಯನ್ನು ಕೇಳಿದೊಡನೆ ನಮಗೆ ಅಜ್ಜಿಯವರ ನೆನಪಾಯಿತು. ಬಾಲ್ಯದಲ್ಲಿ ಹಲಗೆಯ ಮೇಲೆ ಅಕ್ಷರ ತಿದ್ದಿದ್ದೂ ಬಳಪದಿಂದಲೇ ಅಲ್ಲವೆ?

ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯ ತಳದ ಪಟ್ಟಿಕೆಯಲ್ಲಿ ಆನೆಗಳ ಸಾಲು. ಅದರ ಮೇಲೆ ಸಿಂಹಗಳು, ಬಳ್ಳಿಗಳು, ಕುದುರೆ ಸವಾರರು. ಸುಮಾರು 1121ರಲ್ಲಿ ಮೊದಲಾದ ಆ ಗುಡಿಯ ಕೆಲಸ ಪೂರ್ಣವಾಗಲೇ ಇಲ್ಲ. ಆದರೂ ಅದನ್ನು ಅಲ್ಪವೆಂದವರಿಲ್ಲ. ಆ ಸಾಲು ಒಂದೊಂದೇ ಆನೆಯಾಗಿ ಬೆಳೆದುದು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳು ವಿಗ್ರಹಗಳ ಅಡಿಯಲ್ಲಿವೆ. ಅವರದು ಕೆಲಸದ ಕೆಳಗಿನ ಹೆಸರು. ನಮ್ಮದು ಬರಿಯ ಪುಟದ ಮೇಲಿನ ಹೆಸರು!

ದೋರಸಮುದ್ರದಲ್ಲಿ ಕರಣಿಕನಾಗಿದ್ದನೆಂದು ಪ್ರತೀತಿಯುಳ್ಳ ಹರಿಹರನು ಉದ್ಯೋಗವನ್ನೇ ತೊರೆದು ಹಂಪೆಗೆ ಹೋಗಿ ಕಾವ್ಯವನ್ನು ಬರೆದನಂತೆ. ಸಂಸಾರಿಗಳಾದ ನಮಗೆ ಅದು ಕೂಡದ ಮಾತು. ನಮಗೆ ಕೂಡುವುದು ದಿನಕ್ಕೊಂದು ಆನೆ.

ಆದುದರಿಂದ ಊರಿಗೆ ಮರಳಿದ ಮೇಲೆ ಒಂದು ಕಟ್ಟಳೆಯನ್ನು ಮಾಡಿಕೊಂಡೆವು. ಬೆಳಿಗ್ಗೆ ಮನೆಯವರು ಏಳುವ ಮುನ್ನ ಅರ್ಧ ಗಂಟೆ, ಅದೇ ಕಿಟಕಿಯ ಬಳಿ, ಒಂದು ಪುಟ. ಬರೆದುದನ್ನು ಅಂದೇ ತಿದ್ದುವುದಿಲ್ಲ. ತಿದ್ದಲು ಕುಳಿತರೆ ಮುಂದಿನ ಸಾಲು ಹುಟ್ಟದು. ನಾಳೆಯ ಮೊದಲ ವಾಕ್ಯ ಮನಸ್ಸಿನಲ್ಲಿರುವಾಗಲೇ ಲೇಖನಿಯನ್ನು ಕೆಳಗಿಡುತ್ತೇವೆ. ಮರುದಿನ ಕೈ ತಡೆಯುವುದಿಲ್ಲ. ಒಂದು ದಿನ ತಪ್ಪಿದರೆ ಮರುದಿನ ಎರಡು ಪುಟದ ದಂಡವಿಲ್ಲ. ಸಾಲ ಬೆಳೆದರೆ ಸಾಲಗಾರನು ಮುಖ ಮರೆಸಿಕೊಳ್ಳುವನಷ್ಟೆ.

ವರ್ಷ ತುಂಬಿದಾಗ ಮುನ್ನೂರಕ್ಕೆ ಮೀರಿದ ಪುಟಗಳಾಗಿದ್ದುವು. ಹೆಚ್ಚಿನವು ಹರಿದೊಗೆಯತಕ್ಕವು. ಆದರೆ ಉಳಿದ ಕೆಲವು ಪುಟಗಳಲ್ಲಿ ಅಜ್ಜಿಯವರ ತಂಗಿಯ ಬಾಯಿಂದ ಕೇಳಿದ ಎರಡು ಕಥೆಗಳಿವೆ, ಅವರದೇ ಮಾತಿನಲ್ಲಿ. ಆ ಚಿಕ್ಕಜ್ಜಿಗೆ ಈಗ ಎಂಬತ್ತಾರು ವರ್ಷ. ನಾಳೆ ಮತ್ತೆ ಅವರಲ್ಲಿಗೆ ಹೋಗುವವರಿದ್ದೇವೆ.

ಕೇಳುತ್ತಿರುವ ನಿಮ್ಮ ಮನೆಯಲ್ಲಿಯೂ ಅಂಥವರೊಬ್ಬರು ಇದ್ದಾರು. ಕಲ್ಲು ಇನ್ನೂ ಮೃದುವಾಗಿದೆ.