ಬಾಯೊಳಗಿನ ಬಂಧುಬಳಗ

ನಮ್ಮ ಈರೋಡು ಜಿಲ್ಲೆಯದೇ ಆದ ಬರಗೂರು ಬೆಟ್ಟದ ದನ ಅಂದರೆ ಕೆಂಪು ಮೈ, ಬಿಳಿ ಮಚ್ಚೆ. ಹಾಗಂತ ಮಚ್ಚೆ ನೋಡಿ ದುಡ್ಡು ಎಣಿಸುವ ರೈತ ತಾಳವಾಡಿಯಲ್ಲಿ ಸಿಗಲಾರ. ತಾಯಿ ಯಾವುದು, ಹೋರಿ ಯಾವುದು ಅಂತ ಕೇಳಿಯೇ ಕೇಳುತ್ತಾನೆ. ಬಾಯಿಯ ಬ್ಯಾಕ್ಟೀರಿಯಾ ವಿಷಯದಲ್ಲಿ ಈ ಪ್ರಶ್ನೆ ಕೇಳಲು ವಿಜ್ಞಾನಕ್ಕೆ ಸುಮಾರು 300 ವರ್ಷ ಹಿಡಿಯಿತು.

1683ರಲ್ಲಿ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತನ್ನ ಹಲ್ಲಿನ ಪಾಚಿ ಕೆರೆದು ಮಸೂರದಡಿ ಇಟ್ಟ. ಕಂಡದ್ದು ಓಡಾಡುವ ಜೀವಿಗಳು. ಆಕಾರ ಬರೆದಿಟ್ಟ, ಅಷ್ಟೇ.

ಆಕಾರ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಸಂಶೋಧಕ ಕ್ಲಾರ್ಕ್ ಸಾಕ್ಷಿ. 1924ರಲ್ಲಿ ಲಂಡನ್ನಿನಲ್ಲಿ ಅವರು ಹುಳುಕು ಹಲ್ಲಿನಿಂದ ಬೆಳೆಸಿದ ಬ್ಯಾಕ್ಟೀರಿಯಾ ಹುಳಿ ಇಲ್ಲದ ಕಡೆ ಗುಂಡಗಿತ್ತು, ಹುಳಿಯಲ್ಲಿ ತುಸು ಉದ್ದವಾಯಿತು. ರೂಪ ಬದಲಿಸುವ ಜೀವಿ ಎಂದುಕೊಂಡು ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಅಂತ ಹೆಸರಿಟ್ಟರು. ಮುಂದೆ ಡಿಎನ್‌ಎ ಹೋಲಿಸಿ ನೋಡಿದರೆ ಆ ಒಂದೇ ಹೆಸರಿನಡಿ ಹಲವು ಪ್ರಭೇದ ತೂರಿಕೊಂಡಿದ್ದವು! (ಪ್ರಭೇದ ಅನ್ನುತ್ತೇನೆ, ‘ಜಾತಿ’ ಅಂದರೆ ಸಭೆ ಬೇರೆ ಕಡೆ ತಿರುಗೀತು.) 1977ರಲ್ಲಿ ಕಾಯ್‌ಕೆಂಡಾಲ್ ಅವನ್ನು ಬೇರೆ ಮಾಡಿದರು. ನಮ್ಮ ಹಲ್ಲಿನಲ್ಲೇ ಇದ್ದ ಒಂದರ ಹೆಸರು ಸೊಬ್ರಿನಸ್. ಲ್ಯಾಟಿನ್ನಿನಲ್ಲಿ ಅದಕ್ಕೆ ತಾಯಿ ಕಡೆಯ ನೆಂಟ ಅಂತ ಅರ್ಥ.

ಅದೇ 1977ರಲ್ಲಿ ಕಾರ್ಲ್ ವೋಸ್ ವಂಶಾವಳಿ ಓದುವ ದಾರಿ ತೋರಿಸಿದರು. ಪ್ರೋಟೀನ್ ಕಟ್ಟುವ ರೈಬೋಸೋಮ್ ಇಲ್ಲದೆ ಯಾವ ಬ್ಯಾಕ್ಟೀರಿಯಾವೂ ಬದುಕದು. ಅದರ ಒಂದು ಭಾಗದ ಜೀನ್ 16ಎಸ್, ಸುಮಾರು 1,500 ಅಕ್ಷರದ್ದು. ಗೊತ್ತಿರುವ ಹತ್ತಿರದ ಬಂಧುವಿನೊಂದಿಗೆ ಅದು ಶೇಕಡಾ 98.7ಕ್ಕಿಂತ ಕಡಿಮೆ ಹೊಂದಿದರೆ ಹೊಸ ಪ್ರಭೇದ ಇರಬಹುದು. ಹೆಚ್ಚು ಹೊಂದಿದರೂ ತೀರ್ಪು ಆಗಲಿಲ್ಲ. ಇಡೀ ಜೀನೋಮ್ ಎದುರುಬದುರು ಇಡಬೇಕು, ಅಲ್ಲಿ ಗಡಿ ಶೇಕಡಾ 95–96. ರಾಜ್ಯದ ಗಡಿಯಲ್ಲೇ ಬದುಕುವ ನಮಗೆ ಗೊತ್ತು, ಗೆರೆ ಎಳೆಯುವವರು ಮನುಷ್ಯರೇ.

ಇಷ್ಟಾದ ಮೇಲೂ ಹೆಸರು ಸಿಂಧುವಾಗಬೇಕಾದರೆ ಜೀವಂತ ತಳಿಯನ್ನು ಎರಡು ದೇಶಗಳ ಸಂಗ್ರಹಾಲಯಗಳಲ್ಲಿ ಇಡಬೇಕು. ಬಿತ್ತನೆ ಬೀಜ ಎತ್ತಿಡುವ ಹಾಗೆ. ನಮ್ಮಲ್ಲಿ ಚಂಡೀಗಢ, ಪುಣೆಗಳಲ್ಲಿ ಅಂಥ ಸಂಗ್ರಹಗಳಿವೆ.

ತೊಡಕು ಇಲ್ಲೇ. ಬಾಯಿಯಲ್ಲಿ ಗುರುತಾದ ಏಳುನೂರಕ್ಕೂ ಹೆಚ್ಚು ಪ್ರಭೇದಗಳಲ್ಲಿ ಎಷ್ಟೋ ಇನ್ನೂ ಪ್ರಯೋಗಾಲಯದಲ್ಲಿ ಬೆಳೆದಿಲ್ಲ. ಟಿಎಂ7 ಎಂಬ ಗುಂಪನ್ನೇ ನೋಡಿ. 1996ರಲ್ಲಿ ಜರ್ಮನಿಯ ಜೌಗು ಮಣ್ಣಿನಲ್ಲಿ ಅದರ ಜೀನ್ ಸಿಕ್ಕಿತು, ಆಮೇಲೆ ಮನುಷ್ಯರ ಬಾಯಿಯಲ್ಲೂ ಸಿಕ್ಕಿತು. ಜೀವಿ ಮಾತ್ರ ಕೈಗೆ ಬರಲಿಲ್ಲ. 2015ರಲ್ಲಿ ಷೂಸಾಂಗ್ ಹೆ ಮತ್ತು ಸಂಗಡಿಗರು ಬಾಯಿಯದೊಂದನ್ನು ಬೆಳೆಸಿದಾಗ ಗುಟ್ಟು ಬಯಲಾಯಿತು: ಅದು ಇನ್ನೊಂದು ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡು, ಅದನ್ನೇ ಹೀರಿ ಬದುಕುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನೆಲ್ಲಿ ಮರದ ಬದನಿಕೆಗೆ ಉಪ್ಪಿಲು ಅನ್ನುತ್ತಾರಲ್ಲ, ಹಾಗೆ. ಉಪ್ಪಿಲನ್ನು ಕಿತ್ತು ಕುಂಡದ ಮಣ್ಣಿನಲ್ಲಿ ನೆಟ್ಟು ನೋಡಿ, ಬೆಳೆದೀತೇ?